ಮಿರ್ಜಾನದ ಅಪ್ಪಣೆಯೂ ಪಾದ್ರಿ ಜೋಸೆಫ್ ವಾಜರ ನಿತ್ಯನೇಮವೂ

ಕುಮಟೆಯಿಂದ ಉತ್ತರಕ್ಕೆ ಸುಮಾರು 11 ಕಿಲೋಮೀಟರು ಹೋದರೆ ಅಘನಾಶಿನೀ ಹೊಳೆಯ ಸೀಮೆಯಲ್ಲಿ ಮಿರ್ಜಾನವೆಂಬ ಊರು ಸಿಕ್ಕುತ್ತದೆ. ಆ ಹೆಸರನ್ನು ಕೇಳಿದೊಡನೆ ನಮ್ಮ ಜಿಲ್ಲೆಯವರ ಮನಸ್ಸಿಗೆ ಬರುವುದು ಅಲ್ಲಿಯ ಕೋಟೆ. ಸುಮಾರು 10 ಎಕರೆ ನೆಲವನ್ನು ಬಳಸಿಕೊಂಡು ನಿಂತಿರುವ ಚಿರೇಕಲ್ಲಿನ ಇಮ್ಮಡಿ ಗೋಡೆ, ಗೋಡೆಯ ಸುತ್ತ ಕಂದಕ, ಮೂಲೆಮೂಲೆಗೆ ಕೊತ್ತಳ, ಒಳಗೆ ಆಳವಾದ ಬಾವಿಗಳು. ಮಳೆಗಾಲದಲ್ಲಿ ಹಸುರು ಹಾವಸೆ ಕಲ್ಲನ್ನೆಲ್ಲ ಮುಚ್ಚಿದಾಗ ಆ ಕೋಟೆಯು ಮನುಷ್ಯರು ಕಟ್ಟಿದ್ದೋ ನೆಲದಿಂದ ತಾನಾಗಿ ಎದ್ದುದೋ ಎಂಬ ಭ್ರಾಂತಿಯುಂಟಾಗುತ್ತದೆ. 1552ರಿಂದ 1606ರ ವರೆಗೆ ಈ ಸೀಮೆಯನ್ನು ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರನ್ನು ಜನರು ಈ ಕೋಟೆಯೊಡನೆ ಸೇರಿಸಿ ಹೇಳುತ್ತಾರೆ. ಪೋರ್ತುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. 2000-01ರಲ್ಲಿ ಪುರಾತತ್ತ್ವ ಇಲಾಖೆಯವರು ಇಲ್ಲಿ ಅಗೆದಾಗ 1652ನೆಯ ಇಸವಿಯ ಪೋರ್ತುಗೀಸ್ ಚಿನ್ನದ ನಾಣ್ಯವೊಂದೂ ಚೀಣೀ ಪಿಂಗಾಣಿಯ ಚೂರುಗಳೂ ದೊರೆತುವು. ಈ ಚಿಕ್ಕ ಊರು ಎಷ್ಟು ದೂರದ ದೇಶಗಳೊಡನೆ ಕೊಡುಕೊಳ್ಳುವ ವ್ಯವಹಾರವನ್ನಿಟ್ಟುಕೊಂಡಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ನಾವು ಈಗ ಹೇಳಹೊರಟಿರುವುದು ಕೋಟೆಯ ವಿಷಯವಲ್ಲ, ಮೆಣಸಿನ ವಿಷಯವೂ ಅಲ್ಲ. ಇದೇ ಮಿರ್ಜಾನದ ಹೆಸರು ಇನ್ನೊಬ್ಬ ರಾಣಿಯ ಕರಾರಿನಲ್ಲಿ ಬರುತ್ತದೆ. ಈಕೆ ಗೇರುಸೊಪ್ಪೆಯವಳಲ್ಲ, ಕೆಳದಿಯವಳು. 1672ರಿಂದ 1697ರ ವರೆಗೆ ಬಿದನೂರಿನ ಗದ್ದುಗೆಯನ್ನು ನಡೆಸಿದ ಚೆನ್ನಮ್ಮಾಜಿಯು ಪೋರ್ತುಗೀಸರೊಡನೆ ಅಕ್ಕಿ-ಮೆಣಸುಗಳ ವ್ಯಾಪಾರದ ಒಪ್ಪಂದವನ್ನು ಮಾಡಿಕೊಂಡಾಗ, ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳುವುದಕ್ಕೆ ಅಪ್ಪಣೆಯನ್ನು ಕೊಟ್ಟಳು. ನಿತ್ಯವೂ ಇಷ್ಟಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಮನೆತನದ ರಾಣಿಯು ಅನ್ಯಮತದ ಗುಡಿಗೆ ಅನುಮತಿಯಿತ್ತಳೆಂಬುದನ್ನು ಕೆಲವರು ಔದಾರ್ಯವೆಂದು ಹೊಗಳುತ್ತಾರೆ, ಕೆಲವರು ರಾಜಕಾರಣವೆಂದು ತಳ್ಳಿಬಿಡುತ್ತಾರೆ. ನಮಗೆ ತೋರುವ ಮಟ್ಟಿಗೆ ಅದರಲ್ಲಿ ಎರಡೂ ಇದ್ದುವು. ಕೆಳದಿಯವರ ಅಕ್ಕಿಯಿಲ್ಲದೆ ಗೋವೆಯು ಉಣ್ಣಲಾರದು. ಗೋವೆಯ ಹಡಗುಗಳ ಸ್ನೇಹವಿಲ್ಲದೆ ಕೆಳದಿಯ ಬಂದರುಗಳು ನೆಮ್ಮದಿಯಾಗಿರಲಾರವು. ಹೀಗಿದ್ದರೂ ಮುಂದೆ ಶಿವಾಜಿಯ ಮಗ ರಾಜಾರಾಮನು ಆಶ್ರಯವನ್ನು ಬೇಡಿ ಬಂದಾಗ ಔರಂಗಜೇಬನ ಸೈನ್ಯವನ್ನು ಇದಿರುಹಾಕಿಕೊಂಡು ಕೊಟ್ಟ ಮಾತನ್ನು ಉಳಿಸಿಕೊಂಡವಳೂ ಈಕೆಯೇ. ಅಂಥವಳ ಅಪ್ಪಣೆಯನ್ನು ಬರಿಯ ವ್ಯಾಪಾರದ ಮಾತೆಂದು ಹೇಳಲು ಮನಸ್ಸೊಪ್ಪುವುದಿಲ್ಲ.

ಆ ಅಪ್ಪಣೆಯ ಅರ್ಥವೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊನ್ನಾವರದ ಕೋಟೆ 1569ರಿಂದ ಪೋರ್ತುಗೀಸರ ಕೈಯಲ್ಲಿತ್ತು. ಮಂಗಳೂರು, ಬಸರೂರು, ಗಂಗೊಳ್ಳಿಗಳಲ್ಲಿಯೂ ಅವರ ಕೋಟೆಗಳಿದ್ದುವು. ಕೋಟೆಯಿದ್ದಲ್ಲಿ ಇಗರ್ಜಿ, ಇಗರ್ಜಿಯಿದ್ದಲ್ಲಿ ಪಾದ್ರಿ, ಪಾದ್ರಿಗೆ ಅರಸನ ಬೊಕ್ಕಸದಿಂದ ಸಂಬಳ. 1652ರಿಂದ 1654ರ ವರೆಗಿನ ಎರಡು ಮೂರು ವರ್ಷಗಳಲ್ಲಿ ಶಿವಪ್ಪನಾಯಕನು ಈ ಕೋಟೆಗಳನ್ನೆಲ್ಲ ಹಿಡಿದುಕೊಂಡನು. ಪೋರ್ತುಗೀಸರು ಹೋದರು, ಆದರೆ ಕ್ರೈಸ್ತರು ಹೋಗಲಿಲ್ಲ. ಏಕೆಂದರೆ ಇವರಲ್ಲಿ ಹೆಚ್ಚಿನವರು ಪೋರ್ತುಗೀಸರಾಗಿರಲಿಲ್ಲ. ಗೋವೆಯ ಬಾರ್ದೇಶ, ಸಾಷ್ಟಿಗಳಿಂದ ಬರಕ್ಕೋ ತೆರಿಗೆಗೋ, 1560ರಲ್ಲಿ ಅಲ್ಲಿ ಆರಂಭವಾದ ಇಂಕ್ವಿಜಿಶನ್ನಿನ ಭಯಕ್ಕೋ ಊರು ಬಿಟ್ಟು ಬಂದು ಇಲ್ಲಿಯ ಗದ್ದೆ ತೋಟಗಳಲ್ಲಿ ನೆಲೆಸಿದ ಕೊಂಕಣಿ ಮಾತಿನ ಒಕ್ಕಲುಗಳು ಇವರು. ಅರಸು ಬದಲಾದಾಗ ಇವರ ಗದ್ದೆ ಬದಲಾಗಲಿಲ್ಲ. ಬದಲಾದುದು ಇಗರ್ಜಿಯ ಗಂಟೆ. ಅದನ್ನು ಬಾರಿಸುವವರೇ ಇಲ್ಲದಾದರು. ಕೈಬೆರಳಿನಲ್ಲಿ ಎಣಿಸುವಷ್ಟು ಪಾದ್ರಿಗಳು ಇಡೀ ಕರಾವಳಿಗೆ. ಕೂಸಿಗೆ ದೀಕ್ಷಾಸ್ನಾನವಿಲ್ಲ, ಮುದುಕನ ಮರಣಶಯ್ಯೆಯಲ್ಲಿ ಮಂತ್ರವಿಲ್ಲ, ಮದುವೆ ಮಾಡಿಸುವವರಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುತ್ತದೆ. ಗುರುವೂ ಇಲ್ಲದೆ, ಗುಡಿಯೂ ಇಲ್ಲದೆ, ದಂಡಿಸುವ ಅಧಿಕಾರಿಯೂ ಇಲ್ಲದಿರುವಾಗ ಮನುಷ್ಯನ ಶೀಲವು ಯಾವುದನ್ನು ಹಿಡಿದುಕೊಂಡು ನಿಲ್ಲುತ್ತದೆ? ನೀತಿಯನ್ನು ಬೋಧಿಸುವ ಗ್ರಂಥಗಳಲ್ಲಿ ದೃಢಸಂಕಲ್ಪವೆಂಬ ಮಾತು ಹೇರಳವಾಗಿ ಬರುತ್ತದೆ. ಸಂಕಲ್ಪಕ್ಕೆ ಇರುವ ಆಯುಷ್ಯವೆಷ್ಟೆಂಬುದನ್ನು ಎಲ್ಲರೂ ಸ್ವಾನುಭವದಿಂದ ಬಲ್ಲರು. ಈ ಲೇಖಕನು ಪ್ರತಿವರ್ಷವೂ ಯುಗಾದಿಯ ದಿನ ಹೊಸ ದಿನಚರಿಯ ಪುಸ್ತಕವೊಂದನ್ನು ತಂದು, ರಾತ್ರಿ ತಪ್ಪದೆ ನಾಲ್ಕು ಸಾಲು ಬರೆಯುವೆನೆಂದು ಆಣೆಯಿಡುತ್ತಾನೆ. ಚೈತ್ರಮಾಸವೊಂದು ಹೇಗೋ ನಡೆಯುತ್ತದೆ. ವೈಶಾಖದಲ್ಲಿ ಆ ಪುಸ್ತಕದ ಹಾಳೆಗಳು ಅಗಸರ ಲೆಕ್ಕಕ್ಕೆ ಉಪಯೋಗವಾಗುತ್ತವೆ. ನಮ್ಮಂಥವರ ಮಾತಿರಲಿ, ಒಂದು ಸಮಾಜವೇ ಮೂವತ್ತು ವರ್ಷ ಇಂಥ ಸ್ಥಿತಿಯಲ್ಲಿ ಬಿದ್ದರೆ ಏನಾಗಬೇಕು?

1681ನೆಯ ಇಸವಿಯಲ್ಲಿ, ಎಂದರೆ ಚೆನ್ನಮ್ಮಾಜಿಯ ಆಳ್ವಿಕೆಯ ಹತ್ತನೆಯ ವರ್ಷದ ಸುಮಾರಿಗೆ, ಗೋವೆಯ ಪ್ರಧಾನ ದೇವಾಲಯದ ಆಡಳಿತಮಂಡಲಿಯು ಮೂವತ್ತು ವರ್ಷ ವಯಸ್ಸಿನ ಒಬ್ಬ ಪಾದ್ರಿಯನ್ನು ಕೆನರಾ ಮಿಶನ್ನಿನ ಹಿರಿಯನನ್ನಾಗಿ ನೇಮಿಸಿ ದಕ್ಷಿಣಕ್ಕೆ ಕಳುಹಿಸಿತು. ಇವರೇ ಜೋಸೆಫ್ ವಾಜರು. 1651ರ ಏಪ್ರಿಲ್ 21ರಂದು ಸಾಷ್ಟಿಯ ಬಾಣಾವಳಿಯಲ್ಲಿ ಹುಟ್ಟಿದವರು. ಗೋವೆಯಲ್ಲಿ ಜೆಸುವಿಟರ ಶಾಲೆಯಲ್ಲಿ ಸಾಹಿತ್ಯವನ್ನೂ ಅಕ್ವಿನಾಸನ ಹೆಸರಿನ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ, ದೇವಶಾಸ್ತ್ರಗಳನ್ನೂ ಓದಿ 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಮಾರನೆಯ ವರ್ಷ, 1677ರ ಆಗಸ್ಟ್ 5ರಂದು, ತಾನು ಮರಿಯಮ್ಮನವರ ಕ್ರೀತದಾಸನೆಂದು ಒಂದು ಪತ್ರವನ್ನು ಸ್ವಂತ ಕೈಯಿಂದ ಬರೆದು ಸಹಿಮಾಡಿ ಇಟ್ಟುಕೊಂಡರು. ಜೀತದ ಚೀಟಿಯನ್ನು ಬಡವರಿಂದ ಬರೆಯಿಸಿಕೊಳ್ಳುವ ಕಾಲದಲ್ಲಿ ತನ್ನನ್ನೇ ಬರೆದುಕೊಟ್ಟ ಈ ಯುವಕನ ಕ್ರಮವು ವಿಚಾರಕ್ಕೆ ಯೋಗ್ಯವಾಗಿದೆ. ಮನಸ್ಸಿನಲ್ಲಿ ಭಕ್ತಿಯಿದ್ದರೆ ಸಾಲದೆ, ಕಾಗದವೇಕೆ? ಮನಸ್ಸು ನಾಳೆ ಹಿಂದೆಗೆಯುವುದೆಂಬುದನ್ನು ಅವರು ಬಲ್ಲವರಾಗಿದ್ದರೆಂದೇ ಹೇಳಬೇಕು. ಮುಂಬಯಿಗೆ ಹತ್ತಿಯನ್ನು ಕಳುಹಿಸುತ್ತಿದ್ದ ಕಾಲದ ಕುಮಟೆಯ ಸಾಹುಕಾರನು ಸ್ನೇಹಿತನ ಮಾತನ್ನು ನಂಬಿದರೂ ಕೀರ್ದಿಯಲ್ಲಿ ಬರೆದಿಡದೆ ಬಿಡುತ್ತಿದ್ದನೇ?

ಜೆಸುವಿಟರ ಸಂಪ್ರದಾಯದಲ್ಲಿ ಇಂಥದೇ ಒಂದು ಲೆಕ್ಕವುಂಟು. ಅವರ ಸಂಘದ ಸ್ಥಾಪಕನಾದ ಇಗ್ನೇಷಿಯಸ್ ಲೊಯೊಲಾ ಹಾಕಿಕೊಟ್ಟ ಕ್ರಮದಂತೆ ಸಾಧಕನು ತನ್ನಲ್ಲಿರುವ ಒಂದೇ ಒಂದು ದೋಷವನ್ನು ಆರಿಸಿಕೊಂಡು, ಬೆಳಗ್ಗೆ ಎದ್ದೊಡನೆ ಅದನ್ನು ನೆನೆಯಬೇಕು. ಮಧ್ಯಾಹ್ನದ ಊಟದ ಬಳಿಕ ಎಷ್ಟು ಸಲ ಜಾರಿದೆನೆಂದು ಎಣಿಸಿ ಒಂದು ಗೆರೆಯ ಮೇಲೆ ಅಷ್ಟು ಚುಕ್ಕೆಗಳನ್ನಿಡಬೇಕು. ರಾತ್ರಿ ಊಟದ ಬಳಿಕ ಇನ್ನೊಂದು ಗೆರೆಯ ಮೇಲೆ ಮತ್ತೆ ಚುಕ್ಕೆಗಳು. ನಿನ್ನೆಗೂ ಇಂದಿಗೂ, ಕಳೆದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬೇಕು. ಎಲ್ಲ ದೋಷಗಳನ್ನೂ ಒಮ್ಮೆಲೇ ಕಿತ್ತೊಗೆಯುವೆನೆಂಬ ಆವೇಶಕ್ಕೆ ಇಲ್ಲಿ ಎಡೆಯಿಲ್ಲ. ಅಂಗಡಿಯವನ ಜಮಾಖರ್ಚಿನಂತೆ ನೀರಸವಾದ ಕೆಲಸ. ಪಾಶ್ಚಾತ್ಯರ ಆತ್ಮಸಂಸ್ಕಾರದ ಗ್ರಂಥಗಳನ್ನು ಓದಿ ಬೆರಗಾಗುವ ನಮ್ಮ ತರುಣರು, ಈ ವಿದ್ಯೆ ನಾಲ್ಕುನೂರು ವರ್ಷಗಳ ಹಿಂದೆಯೇ ಮಾಂಡವಿ ಹೊಳೆಯ ದಂಡೆಗೆ ಬಂದಿತ್ತೆಂಬುದನ್ನು ಮರೆಯಬಾರದು.

ವಾಜರು ಬರಿಗಾಲಿನಲ್ಲಿ ನಡೆಯುತ್ತಿದ್ದರು. ಪಾದ್ರಿಗಳಿಗೆ ಪಲ್ಲಕ್ಕಿಯೂ ಕೊಡೆ ಹಿಡಿಯುವ ಆಳೂ ಇದ್ದ ಕಾಲ ಅದು. ಹೊನ್ನಾವರ, ಗಂಗೊಳ್ಳಿ, ಬಸರೂರು, ಬಾರಕೂರು, ಕಲ್ಯಾಣಪುರ, ಮಂಗಳೂರು ಎಂದು ಅವರು ಸುತ್ತಿದ ದಾರಿಯನ್ನು ಈಗ ನಾವು ರೈಲಿನಲ್ಲಿ ಕೆಲವೇ ಗಂಟೆಗಳಲ್ಲಿ ಹಾಯುತ್ತೇವೆ. ಆಗ ಪ್ರತಿಯೊಂದು ಹೊಳೆಗೂ ದೋಣಿ, ದೋಣಿಗೊಂದು ಕಾಯುವಿಕೆ. ಅಘನಾಶಿನಿ, ಶರಾವತಿಗಳ ಅಳಿವೆಯನ್ನು ಮಳೆಗಾಲದಲ್ಲಿ ಕಂಡವರಿಗೆ ಆ ಕಾಯುವಿಕೆ ಎಂಥದೆಂದು ಬೇರೆ ಹೇಳಬೇಕಾದುದಿಲ್ಲ. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಮೇಲೆ ಇವರ ಹೆಸರಿನ ಕ್ಷೇತ್ರವೊಂದಿದೆ. ಕೊಲ್ಲಬೇಕೆಂದು ಸುಳ್ಳು ಹೇಳಿ ರಾತ್ರಿ ಕರೆದೊಯ್ದವರ ಇದಿರಿನಲ್ಲಿ ಇವರು ಮೊಣಕಾಲೂರಿದಾಗ ನೆಲದಿಂದ ನೀರು ಚಿಮ್ಮಿತೆಂದು ಅಲ್ಲಿಯವರು ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ನಮಗೆ ನೀರಿನ ಬುಗ್ಗೆಗಿಂತ, ಅಪರಿಚಿತನು ಮಧ್ಯರಾತ್ರಿಯಲ್ಲಿ ಬಾಗಿಲು ತಟ್ಟಿ ರೋಗಿಯೊಬ್ಬನಿದ್ದಾನೆಂದು ಹೇಳಿದೊಡನೆ ಎದ್ದು ಹೊರಟ ಆ ರೂಢಿಯೇ ಹೆಚ್ಚಿನದಾಗಿ ತೋರುತ್ತದೆ.

ಬಂದವರನ್ನು ಸ್ವಾಗತಿಸಿದುದು ಒಂದು ಜಗಳ. ಕೆನರಾದ ಕ್ರೈಸ್ತರ ಮೇಲೆ ಅಧಿಕಾರವು ಗೋವೆಯ ಆರ್ಚ್‌ಬಿಷಪರದೋ, ರೋಮಿನಿಂದ ನೇರವಾಗಿ ನೇಮಕವಾಗಿ ಬಂದಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರದೋ ಎಂಬ ವಿವಾದ. ದೆ ಕಾಸ್ತ್ರೊ ಅವರೂ ಗೋವೆಯ ದಿವಾಡಿಯವರೇ. ಇಬ್ಬರ ಕಡೆಯವರೂ ಎದುರು ಕಡೆಯ ಪಾದ್ರಿಗಳು ಕೊಟ್ಟ ಸಂಸ್ಕಾರ ಸಲ್ಲದೆನ್ನತೊಡಗಿದಾಗ, ಬೇಸಾಯಗಾರನು ತನ್ನ ಮಗಳ ಮದುವೆಯು ಮದುವೆಯೇ ಅಲ್ಲವೇ ಎಂದು ತಿಳಿಯದೆ ಕಂಗಾಲಾದನು. ಗೋವೆಯ ಪಕ್ಷದಿಂದ ಬಂದ ವಾಜರು ತಮ್ಮವರ ಪರವಾಗಿ ವಾದ ಹೂಡುವರೆಂದು ಕಳುಹಿಸಿದವರು ಎಣಿಸಿದ್ದಿರಬಹುದು. ಅವರಾದರೋ ಬಿಷಪರನ್ನು ಸ್ವತಃ ಹೋಗಿ ಕಂಡು, ಅವರಲ್ಲಿದ್ದ ಪತ್ರಗಳನ್ನು ನೋಡಿ, ಮೇಲಿನಿಂದ ಸ್ಪಷ್ಟವಾದ ತೀರ್ಪು ಬರುವ ತನಕ ಜನರ ಮನಸ್ಸನ್ನು ಕಲಕದೆ ಇಬ್ಬರೂ ನಡೆದುಕೊಳ್ಳುವ ದಾರಿಯನ್ನು ಹುಡುಕಿದರು. ಎರಡೂ ಕಡೆಯ ಕಡುಪಕ್ಷದವರು ಇದಕ್ಕಾಗಿ ಅವರನ್ನು ಮೆಚ್ಚಲಿಲ್ಲ. ಮಧ್ಯಸ್ಥನ ಪಾಡು ಎಲ್ಲ ಕಾಲಕ್ಕೂ ಒಂದೇ.

ಈ ಗದ್ದಲದ ನಡುವೆ ಮೂರು ವರ್ಷ ಅವರು ಮಾಡಿದ ಕೆಲಸವನ್ನು ವರ್ಣಿಸುವುದಕ್ಕೆ ದೊಡ್ಡ ಮಾತುಗಳು ಬೇಕಾಗಿಲ್ಲ. ಬಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಚಿಕ್ಕ ಶಾಲೆಗಳನ್ನು ತೆರೆದರು, ಭಕ್ತರ ಸಂಘಗಳನ್ನು ಕಟ್ಟಿದರು. ಸಂಘಗಳ ಮಹತ್ತ್ವವು ಎಲ್ಲಿದೆಯೆಂದರೆ, ಅವು ಪಾದ್ರಿಯಿಲ್ಲದೆ ನಡೆಯತಕ್ಕವು. ಪಾದ್ರಿಯು ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಆದರೆ ಸಂಜೆಯ ದೀಪವು ಪ್ರತಿದಿನವೂ ಬರುತ್ತದೆ. ದೀಪ ಹಚ್ಚಿದ ಬಳಿಕ ಮನೆಯವರೆಲ್ಲ ಕುಳಿತು, ಕೊಂಕಣಿಯವರು ತೇರ್ಸ್ ಎಂದು ಕರೆಯುವ ಜಪಸರವನ್ನು ಮುಗಿಸಿ, ಕಿರಿಯರು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದವನ್ನು ಬೇಡುವ ಪದ್ಧತಿಯನ್ನು ಈ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ನೋಡಿದವರು ಬಹುಮಂದಿ ಇರಬಹುದು. ಇದನ್ನು ವಾಜರೊಬ್ಬರೇ ತಂದರೆಂದು ನಾವು ಹೇಳುವುದಿಲ್ಲ. ಆದರೆ ಧರ್ಮದ ಭಾರವನ್ನು ಇಗರ್ಜಿಯ ಕಂಬದಿಂದ ಮನೆಯ ನಡುಮನೆಗೆ ಇಳಿಸಬೇಕೆಂಬುದನ್ನು, ಕೋಟೆಯ ನೆರಳಿಲ್ಲದ ಈ ಸೀಮೆಯಲ್ಲಿ ನಡೆದಾಡಿದ ಅವರಷ್ಟು ಚೆನ್ನಾಗಿ ಕಂಡವರು ಕಡಿಮೆ.

ಇಲ್ಲಿ ಒಂದು ಮಾತನ್ನು ನಡುವೆ ಹೇಳಿದರೆ ವಾಚಕರು ಕ್ಷಮಿಸಬೇಕು. ಈ ವಿಷಯದಲ್ಲಿ ಕ್ರೈಸ್ತರು ನಮ್ಮ ಕರಾವಳಿಗೆ ಹೊಸದೇನನ್ನೂ ಕಲಿಸಲಿಲ್ಲ. ವಾಜರಿಗಿಂತ ಮುನ್ನೂರನಾಲ್ವತ್ತು ವರ್ಷಗಳ ಹಿಂದೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಆ ಪಟ್ಟಣದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡನೆಂದೂ ಅಲ್ಲಿಯ ಹೆಂಗಸರು ಕುರಾನನ್ನು ಬಾಯಿಪಾಠವಾಗಿ ಬಲ್ಲರೆಂದೂ ಬರೆದಿದ್ದಾನೆ. ಘಟ್ಟದ ಮೇಲಿನ ಶರಣರ ಮನೆಯಲ್ಲಿ ಲಿಂಗಪೂಜೆ, ಗೋಕರ್ಣದ ಬ್ರಾಹ್ಮಣನಿಗೆ ಸಂಧ್ಯಾವಂದನೆ, ಜೈನನಿಗೆ ಹೊತ್ತು ಮುಳುಗುವ ಮುನ್ನ ಊಟ. ಹಿಂದೆ ಹೇಳಿದ ಚೆನ್ನಮ್ಮಾಜಿಯ ಅಪ್ಪಣೆಯ ಹಿಂದೆಯೂ ಈ ಅರಿವು ಇದ್ದಿರಬೇಕೆಂದು ನಮ್ಮ ಊಹೆ. ತನ್ನ ನಿತ್ಯನೇಮವನ್ನು ಬಿಡದವಳು ಇನ್ನೊಬ್ಬನ ನೇಮಕ್ಕೆ ಬೇಕಾದ ನಾಲ್ಕು ಗೋಡೆಗಳನ್ನು ಏಕೆ ಬೇಡವೆನ್ನಬೇಕು?

1684ರಲ್ಲಿ ವಾಜರು ಗೋವೆಗೆ ಮರಳಿದರು. ಮರುವರ್ಷ ಸೆಪ್ಟೆಂಬರಿನಲ್ಲಿ, ಅಲ್ಲಿ ಒಟ್ಟಿಗೆ ಬಾಳುತ್ತಿದ್ದ ಕೆಲವು ದೇಶೀ ಪಾದ್ರಿಗಳ ಚಿಕ್ಕ ಬಳಗವನ್ನು ಸೇರಿ, ಅದಕ್ಕೆ ಸಂತ ಫಿಲಿಪ್ ನೇರಿಯ ಒರೆಟೊರಿ ಸಂಘದ ನಿಯಮವನ್ನು ಅಳವಡಿಸಿದರು. ಐರೋಪ್ಯರ ಮಠಗಳು ದೇಶೀಯರನ್ನು ಒಳಗೆ ಬಿಟ್ಟುಕೊಳ್ಳದಿದ್ದ ದಿನಗಳಲ್ಲಿ ಇದು ಸಾಮಾನ್ಯದ ಕೆಲಸವಲ್ಲ. ಆದರೆ ಸತ್ಯದ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಆ ಸಂಘದ ಬಾಗಿಲು ಬ್ರಾಹ್ಮಣ ಮೂಲದ ಕ್ರೈಸ್ತರಿಗೆ ಮಾತ್ರ ತೆರೆದಿತ್ತು. ತಮ್ಮನ್ನು ಹೊರಗಿಟ್ಟ ಬಿಳಿಯರ ಅನ್ಯಾಯವನ್ನು ಕಂಡುಂಡವರೇ ತಮ್ಮ ಬಾಗಿಲಲ್ಲಿ ಅಂಥದೇ ಅಗುಳಿಯನ್ನಿಟ್ಟರು. ರೂಢಿಯನ್ನು ಹೊಗಳಹೊರಟ ಲೇಖನದಲ್ಲಿ ಈ ಸಂಗತಿಯು ಮುಳ್ಳಿನಂತೆ ಚುಚ್ಚುತ್ತದೆ. ರೂಢಿಯು ಗುಣವನ್ನು ಕಾಪಾಡುವಂತೆಯೇ ದೋಷವನ್ನೂ ಕಾಪಾಡುತ್ತದೆ. ಎರಡಕ್ಕೂ ಅದು ಒಂದೇ ನಿಷ್ಠೆಯಿಂದ ದುಡಿಯುತ್ತದೆ. ರಾತ್ರಿಯ ಚುಕ್ಕೆಗಳ ಲೆಕ್ಕದಲ್ಲಿ ಕೋಪ ಸಿಕ್ಕಿಬೀಳುತ್ತದೆ, ಸುಳ್ಳು ಸಿಕ್ಕಿಬೀಳುತ್ತದೆ, ಆದರೆ ಹುಟ್ಟಿನೊಡನೆ ಬಂದ ಅಭಿಮಾನವು ದೋಷವೆಂದೇ ತೋರದ ಕಾರಣ ಅದಕ್ಕೆ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಇದು ಕ್ರೈಸ್ತರೊಬ್ಬರ ಕಥೆಯಲ್ಲವೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾದುದಿಲ್ಲ.

ವಾಜರು ಮಾತ್ರ ಆ ಸಂಘದ ಮನೆಯಲ್ಲಿ ಬಹುಕಾಲ ಕೂಡಲಿಲ್ಲ. ಡಚ್ಚರು 1658ರಲ್ಲಿ ಸಿಂಹಳದ್ವೀಪದಿಂದ ಪೋರ್ತುಗೀಸರನ್ನು ಓಡಿಸಿ, ರೋಮಿನ ಮತಕ್ಕೆ ಸೇರಿದ ಪಾದ್ರಿಗಳು ಅಲ್ಲಿ ಕಾಲಿಡಕೂಡದೆಂದು ವಿಧಿಸಿದ್ದರು. ಕೆನರಾದಲ್ಲಿ ಕಂಡ ಸ್ಥಿತಿಯು ಅಲ್ಲಿ ಇನ್ನೂ ಕಠಿನವಾಗಿತ್ತು. ಇಲ್ಲಿ ರಾಣಿಯ ಅಪ್ಪಣೆಯಾದರೂ ಇತ್ತು, ಅಲ್ಲಿ ಅಪ್ಪಣೆಯಿರಲಿ, ಸಿಕ್ಕಿದರೆ ಸೆರೆ. 1687ರಲ್ಲಿ ಅವರು ಯೋಹಾನನೆಂಬ ಸೇವಕನೊಡನೆ ಕೂಲಿಯವನ ವೇಷದಲ್ಲಿ ಯಾಳ್ಪಾಣಕ್ಕೆ ಹೋಗಿ ಇಳಿದರು. ದಾರಿಯಲ್ಲಿಯೇ ಆಮಶಂಕೆ ಹಿಡಿದು ಸಾಯುವ ಸ್ಥಿತಿಗೆ ಬಂದಿತ್ತು. ಚೇತರಿಸಿಕೊಂಡ ಮೇಲೆ, ಯಾರು ಕ್ರೈಸ್ತರು, ಯಾರು ಅಲ್ಲ ಎಂದು ತಿಳಿಯುವುದು ಹೇಗೆ? ಬಾಯಿಬಿಟ್ಟು ಕೇಳುವಂತಿಲ್ಲ. ಅವರು ಕೊರಳಿಗೆ ಜಪಸರವನ್ನು ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ಹಾಕುವವರ ಕೈಯನ್ನು ನೋಡಲಿಲ್ಲ, ಮುಖವನ್ನು ನೋಡಿದರು. ಯಾರ ಕಣ್ಣು ಆ ಸರದ ಮೇಲೆ ಬಿದ್ದು ಒಂದು ಕ್ಷಣ ನಿಲ್ಲುತ್ತದೆಯೋ ಆ ಮನೆಗೆ ಮತ್ತೆ ಹೋದರು. ಮೂವತ್ತು ವರ್ಷ ಗುರುವಿಲ್ಲದೆ ಕಳೆದ ಮನೆಗಳು ಹೀಗೆ ಒಂದೊಂದಾಗಿ ಬೆಳಕಿಗೆ ಬಂದುವು. ಇತಿಹಾಸದಲ್ಲಿ ದೊಡ್ಡ ದೊಡ್ಡ ಯುದ್ಧಗಳ ವರ್ಣನೆಯನ್ನು ಓದಿದ್ದೇವೆ. ಈ ಭಿಕ್ಷೆಯ ಪ್ರಸಂಗದಷ್ಟು ನಮ್ಮ ಮನಸ್ಸನ್ನು ತಟ್ಟಿದ್ದು ಕಡಿಮೆ. ಮಾತು ಮರೆತುಹೋಗಿರಬಹುದು, ಮಂತ್ರದ ಅರ್ಧ ಅಳಿದುಹೋಗಿರಬಹುದು, ತಾಯಿಯ ಕೈಯಲ್ಲಿ ಪ್ರತಿಸಂಜೆ ಕಂಡ ಮಣಿಗಳನ್ನು ಕಣ್ಣು ಮರೆತಿರಲಿಲ್ಲ.

1692ರಲ್ಲಿ ಅವರು ಒಳನಾಡಿನ ಕ್ಯಾಂಡಿಗೆ ಹೋದಾಗ ಪೋರ್ತುಗೀಸರ ಗೂಢಚಾರನೆಂದು ಸೆರೆಯಲ್ಲಿ ಹಾಕಿದರು. ಬೌದ್ಧಮತೀಯನಾದ ಎರಡನೆಯ ವಿಮಲಧರ್ಮಸೂರ್ಯನು ಕ್ರಮೇಣ ಅವರ ನಡತೆಯನ್ನು ಕಂಡು ಬಿಡುಗಡೆಮಾಡಿದನು. 1697ರಲ್ಲಿ ಸಿಡುಬು ಹಬ್ಬಿ ಅರಸನೂ ಪರಿವಾರವೂ ನಗರವನ್ನು ಬಿಟ್ಟು ಹೋದಾಗ, ಬೀದಿಯಲ್ಲಿಯೂ ಕಾಡಿನಂಚಿನಲ್ಲಿಯೂ ಬಿಟ್ಟುಹೋದ ರೋಗಿಗಳನ್ನು ವಾಜರೂ ಅವರ ಸೋದರಳಿಯನಾದ ಪಾದ್ರಿ ಕಾರ್ವಾಲ್ಯೊ ಅವರೂ ಎತ್ತಿ ತಂದು ಕೀವು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಹೂಳಿದರು. ಯಾವ ಮತದವನೆಂದು ಕೇಳಲಿಲ್ಲ. ಇಂಥ ಗಳಿಗೆಯಲ್ಲಿ ಧೈರ್ಯವೆಂಬುದು ಹೊಸದಾಗಿ ಹುಟ್ಟುವುದಿಲ್ಲವೆಂದೇ ನಮ್ಮ ನಂಬಿಕೆ. ಹದಿನೈದು ವರ್ಷಗಳ ಹಿಂದೆ ಕೆನರಾದಲ್ಲಿ ಅಪರಿಚಿತನ ಕರೆಗೆ ಮಧ್ಯರಾತ್ರಿ ಎದ್ದು ಹೊರಟವನ ಕಾಲು, ಇಲ್ಲಿಯೂ ತಾನಾಗಿ ಹೊರಟಿತು. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ಗೋವೆಯನ್ನಾಗಲಿ ನಮ್ಮ ಕೆನರಾವನ್ನಾಗಲಿ ಮತ್ತೆ ನೋಡಲಿಲ್ಲ. ಬದುಕಿನಲ್ಲಿ ಅಲಕ್ಷ್ಯಮಾಡಿದ ಕೆಲಸವನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲವೆಂಬ ಅರ್ಥದ ಮಾತನ್ನು ಅವರು ಕಡೆಯಲ್ಲಿ ಸಂಗಡಿಗರಿಗೆ ಹೇಳಿದರೆಂದು ಚರಿತ್ರಕಾರರು ಬರೆದಿದ್ದಾರೆ. ಅರವತ್ತು ವರ್ಷ ತುಂಬದ ಮನುಷ್ಯನು ತನ್ನ ಲೆಕ್ಕದ ಪುಸ್ತಕವನ್ನು ಮುಚ್ಚುತ್ತ ಆಡಿದ ಮಾತಿದು.

ಅವರು ಬಿಟ್ಟುಹೋದ ಕೆನರಾದ ಜನರಿಗೆ ಪರೀಕ್ಷೆಯು ಬಂದುದು ಅವರು ಸತ್ತು ಎಪ್ಪತ್ತಮೂರು ವರ್ಷಗಳ ಮೇಲೆ. 1784ರ ಫೆಬ್ರವರಿಯ ಕೊನೆಯಲ್ಲಿ, ಕ್ರೈಸ್ತರು ಹಣೆಗೆ ಬೂದಿ ಹಚ್ಚಿಕೊಳ್ಳುವ ಬುಧವಾರದ ಸುಮಾರಿಗೆ, ಇಂಗ್ಲಿಷರೊಡನೆ ಸೇರಿದರೆಂಬ ಸಂಶಯದಿಂದ ಟೀಪೂ ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿಸಿ, ಘಟ್ಟವನ್ನು ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದನು. ಹೋದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದ ವರೆಗೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಇಗರ್ಜಿಗಳನ್ನು ಕೆಡಹಿಸಿದರು. ಪಾದ್ರಿಗಳನ್ನು ಗೋವೆಗೆ ಅಟ್ಟಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹುಮಂದಿ. ಮತವನ್ನು ಬಿಡಬೇಕಾಗಿ ಬಂದವರೂ ಉಂಟು. ಅವರನ್ನು ಇಲ್ಲಿ ಕುಳಿತು ನಾವು ಹೀನಾಯವಾಗಿ ಕಾಣುವುದು ತರವಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಬದುಕುಳಿದವರಲ್ಲಿ ಸಾವಿರಾರು ಮಂದಿ ಘಟ್ಟವಿಳಿದು ಮತ್ತೆ ಕರಾವಳಿಗೆ ಬಂದರು. ಕೆಲವರು ಮೈಸೂರು ಸೀಮೆಯಲ್ಲಿಯೇ ನಿಂತರು; ಅಲ್ಲಿ ಚೆದರಿದವರನ್ನು ಕೂಡಿಸುವ ಕೆಲಸವನ್ನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬಾ ಮಾಡಿದರು. ಹದಿನೈದು ವರ್ಷವೆಂದರೆ, ಹೋಗುವಾಗ ತೊಟ್ಟಿಲಲ್ಲಿದ್ದ ಕೂಸು ಬರುವಾಗ ನೇಗಿಲು ಹಿಡಿಯುವ ವಯಸ್ಸಿನದಾಗಿತ್ತು. ಆ ಹುಡುಗನು ಇಗರ್ಜಿಯನ್ನು ಕಂಡವನಲ್ಲ, ಬಲಿಪೂಜೆಯ ಗಂಟೆಯನ್ನು ಕೇಳಿದವನಲ್ಲ. ಆದರೂ ಊರಿಗೆ ಬಂದವರು ಕಾಡು ಬೆಳೆದ ತಮ್ಮ ಹಿತ್ತಿಲುಗಳನ್ನು ಸವರಿ, ಗದ್ದೆಗಳಿಗಾಗಿ ಹೊಸ ಸರಕಾರದ ಕಲೆಕ್ಟರರ ಬಳಿ ಅರ್ಜಿಯಿಟ್ಟು, ಬಿದ್ದ ಇಗರ್ಜಿಗಳ ಜಾಗದಲ್ಲಿ ಮತ್ತೆ ಸೋಗೆಯ ಮಾಡನ್ನು ಎಬ್ಬಿಸಿದರು. ಊರಿನ ವಠಾರಗಳಲ್ಲಿ ಗುರ್ಕಾರರೆಂಬ ಹಿರಿಯರು ಹಿಂದಿನಂತೆಯೇ ಜನರನ್ನು ಕೂಡಿಸತೊಡಗಿದರು. ಅವರನ್ನು ಹಾಗೆ ಮಾಡಿರೆಂದು ಯಾವ ಅರಸನೂ ಹೇಳಿರಲಿಲ್ಲ. ಆಗ ಬಂದ ಇಂಗ್ಲಿಷರು ಅವರ ಮತದವರೂ ಆಗಿರಲಿಲ್ಲ. ಪಾದ್ರಿಯಿಲ್ಲದ ಸಂಜೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳ ಬಾಯಿಂದ ಹೇಳಿಸಿದ ನಾಲ್ಕು ಪ್ರಾರ್ಥನೆಗಳ ಹೊರತು ಇದಕ್ಕೆ ಬೇರೆ ಕಾರಣವನ್ನು ನಾವು ಕಾಣಲಾರೆವು.

ಮುಂದಿನ ಶತಮಾನದಲ್ಲಿ ಇನ್ನೊಂದು ಬಗೆಯ ಕ್ರೈಸ್ತರು ಈ ಕಡೆಗೆ ಬಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1845ರಲ್ಲಿ ಹೊನ್ನಾವರದಲ್ಲಿಯೂ ನೆಲೆಯೂರಿದರು. ಅಚ್ಚುಕೂಟ, ಶಾಲೆ, ಮಗ್ಗ, 1865ರಿಂದ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ಇವೆಲ್ಲವುಗಳ ಮೂಲಕ ಶೀಲವನ್ನು ರೂಪಿಸಬೇಕೆಂಬುದು ಅವರ ಯೋಚನೆ. ಹೊತ್ತಿಗೆ ಸರಿಯಾಗಿ ಕೆಲಸ, ಕುಡಿತದ ನಿಷೇಧ, ಭಾನುವಾರದ ವಿಶ್ರಾಂತಿ. ಇದರಿಂದಾದ ಉಪಕಾರ ಸಣ್ಣದಲ್ಲ. ಕಿಟ್ಟೆಲ್ ಪಂಡಿತರು 1894ರಲ್ಲಿ ಅಚ್ಚಾದ ತಮ್ಮ ಕೋಶಕ್ಕಾಗಿ ಸುಮಾರು 70,000 ಶಬ್ದಗಳನ್ನು ಕಣ್ಣು ಸೋಲುವ ತನಕ ಕೂಡಿಸಿದುದೂ ಅದೇ ಶಿಸ್ತಿನ ಫಲ. ಆದರೆ ಕಾರಖಾನೆಯ ಗಂಟೆಯು ಯಜಮಾನನ ಗಂಟೆ. ಅದು ನಿಂತ ದಿನ ಅದು ಕಲಿಸಿದ ರೂಢಿಯೂ ಎಷ್ಟೋ ಕಡೆ ನಿಂತುಹೋಯಿತೆಂದು ಹೇಳಿದರೆ ಆ ಮಿಶನ್ನಿನ ಅಭಿಮಾನಿಗಳು ನಮ್ಮ ಮೇಲೆ ಕೋಪಿಸಬಾರದು. ಕಿಟ್ಟೆಲರಿಗೆ ಗಂಟೆ ಬಾರಿಸಿದವರು ಯಾರೂ ಇರಲಿಲ್ಲವೆಂಬುದನ್ನೂ ಅವರು ನೆನೆಯಬೇಕು.

ವಾಜರನ್ನು ರೋಮಿನ ಸಭೆಯು 1995ರಲ್ಲಿ ಧನ್ಯರೆಂದೂ 2015ರ ಜನವರಿ 14ರಂದು ಸಂತರೆಂದೂ ಘೋಷಿಸಿತು. ಎರಡು ಸಮಾರಂಭಗಳೂ ಕೊಲಂಬೊ ನಗರದಲ್ಲಿಯೇ ನಡೆದುವು. ಅವರು ಇಪ್ಪತ್ತನಾಲ್ಕು ವರ್ಷ ದುಡಿದ ನಾಡಿಗೆ ಆ ಗೌರವ ಸಂದುದು ನ್ಯಾಯವೇ. ಮೂರು ವರ್ಷ ಮಾತ್ರ ನಡೆದಾಡಿದ ನಮ್ಮ ಸೀಮೆಯಲ್ಲಿ ಅವರ ಹೆಸರನ್ನು ಬಲ್ಲವರು ಕ್ರೈಸ್ತರ ಹೊರಗೆ ಹೆಚ್ಚಿಲ್ಲ. ಚೆನ್ನಮ್ಮಾಜಿಯ ಅಪ್ಪಣೆಯಲ್ಲಿ ಹೆಸರಿಸಿದ ಚಂದಾವರದಲ್ಲಿ ಈಗಲೂ ಸಂತ ಫ್ರಾನ್ಸಿಸ್ ಝೇವಿಯರನ ಇಗರ್ಜಿಯಿದೆ; ಡಿಸೆಂಬರ್ 3ರ ಹಬ್ಬಕ್ಕೆ ಸುತ್ತಲಿನ ಊರುಗಳ ಜನರು ಮತಭೇದವಿಲ್ಲದೆ ಮೇಣದ ಬತ್ತಿ ಹಿಡಿದು ಹೋಗುತ್ತಾರೆ. ಮಿರ್ಜಾನಕ್ಕೆ ಬರುವವರಾದರೋ ಕೋಟೆಯನ್ನು ನೋಡಿ ತಿರುಗುತ್ತಾರೆ. ಹೋದ ವರ್ಷ ಮಾರ್ಗಶಿರದ ಒಂದು ಸಂಜೆ ನಾವೂ ಹಾಗೆಯೇ ಕೋಟೆಯಿಂದ ಇಳಿದು ಹೊಳೆಯ ಕಡೆಗೆ ನಡೆಯುತ್ತಿರುವಾಗ ಹೊತ್ತು ಮುಳುಗಿತು. ಒಂದು ಮನೆಯಲ್ಲಿ ತುಳಸಿಯ ಮುಂದೆ ಹಣತೆ ಹಚ್ಚಿದರು, ದೂರದ ಮಸೀದಿಯಿಂದ ಬಾಂಗು ಕೇಳಿಸಿತು. ಹೊಳೆಯಲ್ಲಿ ಇಳಿತವಿದ್ದ ಕಾರಣ ಹೆಂಗಸರಿಬ್ಬರು ಚಿಪ್ಪಿ ಆಯ್ದ ಬುಟ್ಟಿಗಳನ್ನು ಹೊತ್ತುಕೊಂಡು ಬೇಗಬೇಗನೆ ಮನೆಗೆ ಹೋಗುತ್ತಿದ್ದರು. ದೀಪದ ಹೊತ್ತು ಮೀರುತ್ತದೆಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು.